ಕಂಪ್ಯೂಟರ್ ಏಳದಿದ್ದಾಗ: ಎಡವಿದ್ದು ಎಲ್ಲಿ, ಎಬ್ಬಿಸುವುದು ಹೇಗೆ

ಚಿಕ್ಕಮಗಳೂರಿನಲ್ಲಿ ತಾಲ್ಲೂಕು ಕಚೇರಿಯ ಆಸುಪಾಸಿನ ಮಳಿಗೆಗಳಲ್ಲಿ ಅರ್ಜಿ, ಕರಾರುಪತ್ರ, ಪಹಣಿ ತಿದ್ದುಪಡಿಯ ಮನವಿಗಳನ್ನು ಬೆರಳಚ್ಚು ಮಾಡಿಕೊಡುವವರ ದಿನದ ದುಡಿಮೆ ನಿಂತಿರುವುದು ಒಂದೊಂದು ಹಳೆಯ ಕಂಪ್ಯೂಟರಿನ ಮೇಲೆ. ಆಷಾಢದ ಮಳೆಯಲ್ಲಿ ಬೆಳಿಗ್ಗೆ ಬಾಗಿಲು ತೆಗೆದು ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಆದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಮೂಡಿ ಅಲ್ಲಿಗೇ ಎಲ್ಲವೂ ನಿಂತುಬಿಡುತ್ತದೆ. ಅಂಥ ಹೊತ್ತಿನಲ್ಲಿ ಬಾಯಿಂದ ಬರುವ ಮೊದಲ ಮಾತು "ಎಲ್ಲ ಹೋಯ್ತು" ಎಂಬುದು. ಹೆಚ್ಚಿನ ಸಲ ಏನೂ ಹೋಗಿರುವುದಿಲ್ಲ. ಕಡತಗಳು ಡಿಸ್ಕಿನಲ್ಲಿ ಇದ್ದಲ್ಲೇ ಇರುತ್ತವೆ, ಅವುಗಳವರೆಗೆ ತಲುಪಿಸುವ ದಾರಿಯಲ್ಲಿ ಒಂದು ಕೊಂಡಿ ಮಾತ್ರ ಕಳಚಿರುತ್ತದೆ. ನಿಜವಾಗಿ ಕಡತಗಳು ಹಾಳಾಗುವುದು ಅನೇಕ ವೇಳೆ ಅದರ ನಂತರ, ಗಾಬರಿಯಲ್ಲಿ ಮಾಡುವ ದುರಸ್ತಿಯಿಂದ.

ಈ ವಿಷಯ ಈಗ ಹೆಚ್ಚು ಮನೆ, ಅಂಗಡಿಗಳಿಗೆ ತಟ್ಟುತ್ತಿರುವುದಕ್ಕೆ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳನ್ನು ಕೆಲವರು ವಿಂಡೋಸ್ 11ಕ್ಕೆ ಏರಿಸುತ್ತಿದ್ದಾರೆ, ಕೆಲವರು ಪಕ್ಕದಲ್ಲಿ ವಿಂಡೋಸಿಗೆ ಬದಲಿಯಾದ ಲಿನಕ್ಸ್ ಹಾಕಿ ನೋಡುತ್ತಿದ್ದಾರೆ. ಇಂಥ ಕೆಲಸ ಅರ್ಧ ನಡೆದಿರುವಾಗ ಕರೆಂಟ್ ಹೋಗುವುದು ಮೂಡಿಗೆರೆ, ಸಕಲೇಶಪುರ, ಕೊಪ್ಪದ ಮಳೆಗಾಲದಲ್ಲಿ ಅಪರೂಪವೇನಲ್ಲ.

ಗುಂಡಿ ಒತ್ತಿದ ಮೇಲೆ ನಡೆಯುವುದು

ಕಂಪ್ಯೂಟರ್ ಎದ್ದು ಕೆಲಸಕ್ಕೆ ಸಿದ್ಧವಾಗುವುದನ್ನು ಬೂಟ್ ಆಗುವುದು ಎನ್ನುತ್ತಾರೆ. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ನುಡಿಗಟ್ಟಿನಿಂದ ಆ ಪದ ಬಂದಿದ್ದು, ಎದುರಾಗುವ ಕಷ್ಟವೂ ಅದೇ ಬಗೆಯದು: ಡಿಸ್ಕಿನಲ್ಲಿರುವ ವಿಂಡೋಸನ್ನು ಓದಲು ಒಂದು ತಂತ್ರಾಂಶ ಬೇಕು, ಆ ತಂತ್ರಾಂಶವೂ ಡಿಸ್ಕಿನಲ್ಲೇ ಇದೆ. ಈ ತೊಡಕನ್ನು ಬಿಡಿಸಲು ಕೆಲಸವನ್ನು ಚಿಕ್ಕವರಿಂದ ದೊಡ್ಡವರಿಗೆ ಹಂತಹಂತವಾಗಿ ಕೈಬದಲಾಯಿಸುವ ಏರ್ಪಾಡು ಮಾಡಲಾಗಿದೆ.

ಕಾಫಿ ಎಸ್ಟೇಟಿನ ಬೆಳಗನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಮೊದಲು ಏಳುವವನು ವಾಚ್‌ಮನ್. ಅವನಿಗೆ ತೋಟದ ಕೆಲಸ ಗೊತ್ತಿಲ್ಲ. ಗೇಟು ತೆಗೆಯುವುದು, ಪಂಪ್‌ಹೌಸು, ಕೆಲಸಗಾರರ ಲೈನ್‌ಮನೆಗಳ ಕಡೆ ಕಣ್ಣಾಡಿಸುವುದು, ಮೇಸ್ತ್ರಿಯನ್ನು ಎಬ್ಬಿಸುವುದು ಇಷ್ಟೇ ಅವನ ಪಾಲಿನದು. ಮೇಸ್ತ್ರಿ ಮಸ್ಟರ್ ಪುಸ್ತಕ ತೆರೆದು ಆ ದಿನದ ಹಾಜರಿ ಯಾವ ಬ್ಲಾಕಿನಲ್ಲಿ ಎಂದು ನೋಡಿ ರೈಟರ್‌ಗೆ ಒಪ್ಪಿಸುತ್ತಾನೆ. ರೈಟರ್ ಬಂದ ಮೇಲೆ ಆಡಳಿತವೆಲ್ಲ ಅವರ ಕೈಗೆ. ಅವರು ಆಳುಗಳನ್ನು ಕರೆದು ಕಳೆ ತೆಗೆಯುವವರು, ಚಿಗುರು ತೆಗೆಯುವವರು, ಔಷಧಿ ಹೊಡೆಯುವವರು ಎಂದು ಹಂಚುತ್ತಾರೆ. ಇವರಲ್ಲಿ ಯಾರೊಬ್ಬರು ಬರದಿದ್ದರೂ ತೋಟದಲ್ಲಿ ಕೆಲಸ ನಿಲ್ಲುತ್ತದೆ. ಗಿಡಗಳು ಮಾತ್ರ ನಿಂತಲ್ಲೇ ನಿಂತಿರುತ್ತವೆ.

ಕಂಪ್ಯೂಟರಿನಲ್ಲಿ ವಾಚ್‌ಮನ್ ಎಂದರೆ ಫರ್ಮ್‌ವೇರ್ ಎಂಬ ಪುಟ್ಟ ತಂತ್ರಾಂಶ. ಅದು ಡಿಸ್ಕಿನಲ್ಲಿರದೆ ಮದರ್‌ಬೋರ್ಡಿನ ಮೇಲಿನ ಒಂದು ಚಿಪ್ಪಿನಲ್ಲಿ ಕಾಯಂ ಆಗಿ ಕುಳಿತಿರುತ್ತದೆ. 1981ರ ಐಬಿಎಂ ಪಿಸಿಯ ಕಾಲದಿಂದ ಅದರ ಹೆಸರು ಬಯೋಸ್. ಇಂದಿನ ಯಂತ್ರಗಳಲ್ಲಿ ಅದರ ಜಾಗಕ್ಕೆ ಬಂದಿರುವುದು ಯುಇಎಫ್‌ಐ, ಆದರೂ ಬಾಯಿಮಾತಿನಲ್ಲಿ ಬಯೋಸ್ ಎಂಬ ಹೆಸರೇ ಉಳಿದಿದೆ. ಕರೆಂಟ್ ಬಂದೊಡನೆ ಇದು ಮೆಮೊರಿ, ಕೀಬೋರ್ಡ್, ಡಿಸ್ಪ್ಲೇ, ಡಿಸ್ಕುಗಳು ಇವೆಯೇ ಎಂದು ಒಂದು ಸುತ್ತು ಪರೀಕ್ಷಿಸುತ್ತದೆ. ಕಂಪನಿಯ ಲಾಂಛನ ಪರದೆಯ ಮೇಲೆ ಕಾಣುವುದು ಈ ಹಂತದಲ್ಲಿ.

ಮೇಸ್ತ್ರಿ ಎಂದರೆ ಬೂಟ್‌ಲೋಡರ್. ಹಳೆಯ ಪದ್ಧತಿಯಲ್ಲಿ ಬಯೋಸ್ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದುತ್ತಿತ್ತು. ಎಂಬಿಆರ್ ಎಂದು ಕರೆಯುವ ಈ ತುಣುಕಿನಲ್ಲಿ 446 ಬೈಟು ಸೂಚನೆಗಳಿಗೆ, 64 ಬೈಟು ಡಿಸ್ಕನ್ನು ಹೇಗೆ ಪಾಲು ಮಾಡಲಾಗಿದೆ ಎಂಬ ಪಟ್ಟಿಗೆ, ಉಳಿದ 2 ಬೈಟು ಒಂದು ಗುರುತಿಗೆ ಮೀಸಲು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ 3 ಬೈಟು ಬೇಕಾಗುವುದರಿಂದ, ಅಷ್ಟು ಜಾಗದಲ್ಲಿ ಈ ಲೇಖನದ ಒಂದು ಉದ್ದನೆಯ ವಾಕ್ಯವೂ ಹಿಡಿಯುವುದಿಲ್ಲ. ಹೊಸ ಪದ್ಧತಿಯಲ್ಲಿ ಡಿಸ್ಕಿನ ಒಂದು ಚಿಕ್ಕ ಪಾಲನ್ನು ಇದಕ್ಕೆಂದೇ ಬಿಟ್ಟಿರುತ್ತಾರೆ. ಇಎಫ್‌ಐ ಪಾರ್ಟಿಷನ್ ಎಂಬ ಆ ಪಾಲು ಸಾಮಾನ್ಯ ಬಳಕೆದಾರರ ಕಣ್ಣಿಗೆ ಬೀಳುವುದಿಲ್ಲ. ವಿಂಡೋಸ್ ಬೂಟ್ ಮ್ಯಾನೇಜರ್ ಅದರೊಳಗೆ ಒಂದು ಸಾಧಾರಣ ಕಡತವಾಗಿ ಇರುತ್ತದೆ. ಅದು ನೋಡುವ ಮಸ್ಟರ್ ಪುಸ್ತಕದ ಹೆಸರು ಬಿಸಿಡಿ: ವಿಂಡೋಸ್ ಯಾವ ಡಿಸ್ಕಿನ ಯಾವ ಪಾಲಿನಲ್ಲಿದೆ ಎಂದು ಬರೆದಿಟ್ಟ ಚಿಕ್ಕ ದಾಖಲೆ. ಲಿನಕ್ಸಿನಲ್ಲಿ ಮೇಸ್ತ್ರಿಯ ಕೆಲಸವನ್ನು ಹೆಚ್ಚಾಗಿ ಗ್ರಬ್ ಮಾಡುತ್ತದೆ.

ರೈಟರ್ ಎಂದರೆ ಕರ್ನಲ್, ಕಾರ್ಯಾಚರಣಾ ವ್ಯವಸ್ಥೆಯ ತಿರುಳು. ಅದು ಒಂದೊಂದು ಸಾಧನವನ್ನು ನಡೆಸುವ ಡ್ರೈವರುಗಳನ್ನೂ ಹಿನ್ನೆಲೆಯ ಸೇವೆಗಳನ್ನೂ ಕರೆದು ಕೊನೆಗೆ ಪಾಸ್‌ವರ್ಡ್ ಕೇಳುವ ಪರದೆಗೆ ನಮ್ಮನ್ನು ತಂದು ನಿಲ್ಲಿಸುತ್ತದೆ.

ಎಲ್ಲಿ ನಿಂತಿದೆ ಎಂದು ಓದುವುದು

ದುರಸ್ತಿಯ ಅರ್ಧಕ್ಕಿಂತ ಹೆಚ್ಚಿನ ಭಾಗ ಯಾವ ಕೊಂಡಿಯಲ್ಲಿ ನಿಂತಿದೆ ಎಂದು ಗುರುತಿಸುವುದರಲ್ಲೇ ಇದೆ. ಆದ್ದರಿಂದ ಮತ್ತೆಮತ್ತೆ ಆಫ್ ಮಾಡಿ ಆನ್ ಮಾಡುವ ಮೊದಲು ಪರದೆಯ ಮೇಲಿನ ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಬೇಕು. "ಏನೋ ಇಂಗ್ಲಿಷಿನಲ್ಲಿ ಬಂತು" ಎಂದು ರಿಪೇರಿಯವರಿಗೆ ಹೇಳುವುದಕ್ಕೂ ಆ ಫೋಟೋ ತೋರಿಸುವುದಕ್ಕೂ ಒಂದು ದಿನದ ಅಂತರವಿರಬಹುದು.

ದೀಪವೂ ಇಲ್ಲ, ಫ್ಯಾನೂ ಇಲ್ಲವೆಂದರೆ ಅದು ಬೂಟ್ ತೊಂದರೆಯಲ್ಲ. ಅಡಾಪ್ಟರ್, ಡೆಸ್ಕ್‌ಟಾಪಿನೊಳಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್, ಯುಪಿಎಸ್ ಅಥವಾ ಗೋಡೆಯ ಪ್ಲಗ್ ನೋಡಬೇಕು. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದು ಬೀಪ್ ಸದ್ದು ಕೇಳಿಬಂದರೆ ವಾಚ್‌ಮನ್ ತನ್ನ ಸುತ್ತಿನಲ್ಲೇ ಎಡವಿದ್ದಾನೆ ಎಂದು ಅರ್ಥ. ಸಾಮಾನ್ಯ ಕಾರಣ ಮೆಮೊರಿ ಕಾರ್ಡ್, ಅಂದರೆ ರ್‍ಯಾಮ್. ಗೋಡೆಗೇ ಬೂಸರು ಹಿಡಿಯುವ ಮಲೆನಾಡಿನ ತೇವದಲ್ಲಿ ಅದರ ಹೊಂಬಣ್ಣದ ಅಂಚಿಗೆ ಮಬ್ಬು ಕಟ್ಟಿಕೊಳ್ಳುತ್ತದೆ. ರಿಪೇರಿ ಮಾಡುವವರು ಕರೆಂಟ್ ತೆಗೆದು, ಕಾರ್ಡನ್ನು ಹೊರಗೆಳೆದು, ಶಾಲಾ ಮಕ್ಕಳ ರಬ್ಬರಿನಿಂದ ಆ ಅಂಚನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸುವುದನ್ನು ನೋಡಿದವರಿಗೆ ಅದು ತಮಾಷೆಯಂತೆ ಕಂಡರೂ ಎಷ್ಟೋ ಯಂತ್ರಗಳು ಅಷ್ಟರಿಂದಲೇ ಎದ್ದಿವೆ.

ಕಂಪನಿಯ ಲಾಂಛನ ಬಂದು, ಬಳಿಕ ಬೂಟ್ ಮಾಡಲು ಸಾಧನ ಸಿಗಲಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಬಂದರೆ, ವಾಚ್‌ಮನ್ ಇದ್ದಾನೆ, ಮೇಸ್ತ್ರಿಯ ಮನೆ ಸಿಕ್ಕಿಲ್ಲ. ಮೊದಲು ನೋಡಬೇಕಾದದ್ದು ಯಾರೋ ಪ್ರಿಂಟ್ ತೆಗೆಸಲು ತಂದು ಚುಚ್ಚಿ ಮರೆತುಹೋದ ಪೆನ್‌ಡ್ರೈವ್. ಕಂಪ್ಯೂಟರ್ ಅದರಲ್ಲಿ ವಿಂಡೋಸ್ ಹುಡುಕುತ್ತ ಕುಳಿತಿರಬಹುದು. ಅದಿಲ್ಲವಾದರೆ ಸಡಿಲವಾದ ಕೇಬಲ್, ಬದಲಾದ ಸೆಟ್ಟಿಂಗ್ ಅಥವಾ ಸತ್ತ ಡಿಸ್ಕ್. ನೀಲಿ ಪರದೆಯಲ್ಲಿ ಬಿಸಿಡಿ ಸಿಗುತ್ತಿಲ್ಲ ಎಂದು ಬಂದರೆ ಮಸ್ಟರ್ ಪುಸ್ತಕ ಹರಿದಿದೆ. ಚುಕ್ಕೆಗಳ ಚಕ್ರ ತಿರುಗಿ, ಬಳಿಕ ನೀಲಿ ಅಥವಾ ಕಪ್ಪು ಪರದೆಯಲ್ಲಿ ದೋಷದ ಹೆಸರು ಬಂದು ಯಂತ್ರ ಮತ್ತೆ ಮೊದಲಿನಿಂದ ಆರಂಭವಾಗುತ್ತಿದ್ದರೆ ರೈಟರ್ ಬಂದಿದ್ದಾರೆ, ಅವರು ಕರೆದ ಆಳುಗಳಲ್ಲಿ ಯಾರೋ ಒಬ್ಬ, ಎಂದರೆ ಯಾವುದೋ ಡ್ರೈವರ್ ಅಥವಾ ಅಪ್‌ಡೇಟ್, ಕೆಲಸ ಕೆಡಿಸಿದ್ದಾನೆ.

ನಾಣ್ಯದಷ್ಟು ಅಗಲದ ಬ್ಯಾಟರಿ

ಆಲ್ದೂರಿನ ಕಡೆಯ ಒಂದು ಎಸ್ಟೇಟ್ ಕಚೇರಿಯಲ್ಲಿ ಕೊಯ್ಲಿನ ಲೆಕ್ಕ, ಸಂಬಳದ ಪಟ್ಟಿಗಳಿದ್ದ ಕಂಪ್ಯೂಟರ್ ಮೂರು ದಿನ ಕರೆಂಟಿಲ್ಲದೆ ಇದ್ದು, ನಾಲ್ಕನೆಯ ದಿನ ಆನ್ ಮಾಡಿದಾಗ ಬೂಟ್ ಸಾಧನವಿಲ್ಲ ಎಂದಿತು. ಡಿಸ್ಕ್ ಸತ್ತಿದೆ, ಹೊಸದು ಹಾಕಿಸಿ ಎಂದು ಫೋನಿನಲ್ಲೇ ಸಲಹೆ ಬಂದಿತ್ತು. ನಾನು ಹೋಗಿ ಎಫ್2 ಒತ್ತಿ ಬಯೋಸ್ ಪರದೆ ತೆರೆದಾಗ ಡಿಸ್ಕಿನ ಹೆಸರು ಪಟ್ಟಿಯಲ್ಲಿ ಕಾಣುತ್ತಿತ್ತು. ಮೇಲಿನ ಮೂಲೆಯಲ್ಲಿ ದಿನಾಂಕ ಮಾತ್ರ ಎಷ್ಟೋ ವರ್ಷ ಹಿಂದಿನ ಜನವರಿ 1 ಎಂದಿತ್ತು.

ಕಾರಣ ಆ ದಿನಾಂಕವೇ ಹೇಳುತ್ತದೆ. ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ 3 ವೋಲ್ಟಿನ, ದೊಡ್ಡ ನಾಣ್ಯದಷ್ಟು ಅಗಲದ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಿರುವಾಗ ಗಡಿಯಾರ ನಡೆಸುವುದೂ, ಹಳೆಯ ಅನೇಕ ಯಂತ್ರಗಳಲ್ಲಿ ಬಯೋಸ್ ಸೆಟ್ಟಿಂಗುಗಳನ್ನು ಹಿಡಿದಿಟ್ಟುಕೊಳ್ಳುವುದೂ ಅದರ ಕೆಲಸ. ಅದು ತೀರಿದಾಗ ಸೆಟ್ಟಿಂಗುಗಳು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತವೆ. ಆ ಯಂತ್ರದಲ್ಲಿ ವಿಂಡೋಸ್ ಹಾಕಿದ್ದು ಹಳೆಯ ಎಂಬಿಆರ್ ಪದ್ಧತಿಯಲ್ಲಿ. ಬ್ಯಾಟರಿ ಹೋದ ಮೇಲೆ ಫರ್ಮ್‌ವೇರ್ ಯುಇಎಫ್‌ಐ ಪದ್ಧತಿಗೆ ಮರಳಿ, ಇಲ್ಲದ ಇಎಫ್‌ಐ ಪಾರ್ಟಿಷನ್ ಹುಡುಕುತ್ತಿತ್ತು. ವಾಚ್‌ಮನ್ ಮೇಲಿನ ಲೈನಿನಲ್ಲಿರುವ ಮೇಸ್ತ್ರಿಯನ್ನು ಕೆಳಗಿನ ಲೈನಿನಲ್ಲಿ ಕೂಗಿದಂತೆ. ಸೆಟ್ಟಿಂಗನ್ನು ಲೆಗಸಿ, ಅಂದರೆ ಹಳೆಯ ಪದ್ಧತಿ, ಎಂದು ಬದಲಿಸಿ ಉಳಿಸಿದೊಡನೆ ವಿಂಡೋಸ್ ಎದ್ದಿತು. ಹೊಸ ಬ್ಯಾಟರಿಯ ಬೆಲೆ ಒಂದು ಊಟಕ್ಕಿಂತ ಹೆಚ್ಚೇನೂ ಇರಲಿಲ್ಲ.

ಡಿಸ್ಕಿನೊಡನೆ ಯಂತ್ರ ಮಾತಾಡುವ ಬಗೆಯನ್ನು ನಿರ್ಧರಿಸುವ ಸಾಟಾ ಮೋಡ್ ಎಂಬ ಇನ್ನೊಂದು ಸೆಟ್ಟಿಂಗ್ ಕೂಡ ಹೀಗೇ ಕೈಕೊಡುತ್ತದೆ. ಎಎಚ್‌ಸಿಐ ಎಂದಿದ್ದದ್ದು ರೇಡ್ ಎಂದಾದರೆ, ಅಥವಾ ಅದರ ತಿರುವುಮುರುವಾದರೆ, ವಿಂಡೋಸ್ ಆರಂಭವಾಗಿ ತನ್ನ ಡಿಸ್ಕನ್ನೇ ತಲುಪಲಾಗದೆ ನೀಲಿ ಪರದೆ ತೋರಿಸುತ್ತದೆ. ಬಯೋಸ್ ತೆರೆಯುವ ಕೀಲಿ ಕಂಪನಿಯಿಂದ ಕಂಪನಿಗೆ ಬೇರೆ: ಡೆಲ್ ಯಂತ್ರಗಳಲ್ಲಿ ಎಫ್2, ಎಚ್‌ಪಿಯಲ್ಲಿ ಎಸ್ಕೇಪ್ ಅಥವಾ ಎಫ್10, ಜೋಡಿಸಿದ ಡೆಸ್ಕ್‌ಟಾಪುಗಳಲ್ಲಿ ಹೆಚ್ಚಾಗಿ ಡಿಲೀಟ್.

ಮೊದಲು ಕಡತ, ಆಮೇಲೆ ದುರಸ್ತಿ

ದುರಸ್ತಿಯ ಆಜ್ಞೆಗಳು ಡಿಸ್ಕಿನ ಮೇಲೆ ಬರೆಯುತ್ತವೆ, ಬರೆದದ್ದನ್ನು ಹಿಂತೆಗೆದುಕೊಳ್ಳಲು ಆಗುವುದಿಲ್ಲ. ಆದ್ದರಿಂದ ಬೇರೆ ಪ್ರತಿ ಇಲ್ಲದ ಕಡತಗಳಿದ್ದರೆ ಅವನ್ನು ಮೊದಲು ಹೊರಗೆ ತೆಗೆಯುವುದು ಕ್ರಮ.

ಹಾರ್ಡ್‌ಡಿಸ್ಕಿನಿಂದ ಟಕ್ ಟಕ್ ಎಂಬ ಒಂದೇ ಲಯದ ಸದ್ದು ಬರುತ್ತಿದ್ದರೆ ಕೂಡಲೇ ಆಫ್ ಮಾಡಬೇಕು. ಒಳಗಿನ ಓದುವ ತಲೆ ತನ್ನ ಜಾಗ ಸಿಗದೆ ಮತ್ತೆಮತ್ತೆ ಹಿಂದಿರುಗುತ್ತಿರುವ ಸದ್ದು ಅದು. ಪ್ರತಿ ಪ್ರಯತ್ನವೂ ತಟ್ಟೆಯ ಮೇಲ್ಮೈಯನ್ನು ಗೀರಬಹುದು. ಅಂಥ ಡಿಸ್ಕನ್ನು ದತ್ತಾಂಶ ಮರುಪಡೆಯುವ ಪರಿಣತರಿಗೆ ಕೊಡಬೇಕೇ ಹೊರತು ಮನೆಯಲ್ಲಿ ಪ್ರಯೋಗಿಸಬಾರದು. ಚಿಪ್ಪುಗಳಲ್ಲೇ ಕಡತ ಉಳಿಸುವ ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗಗಳೇ ಇಲ್ಲದಿರುವುದರಿಂದ ಅವು ಸದ್ದಿಲ್ಲದೆ ಸಾಯುತ್ತವೆ.

ಡಿಸ್ಕ್ ಆರೋಗ್ಯವಾಗಿದ್ದರೆ ಎರಡು ದಾರಿಗಳಿವೆ. ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಪೆಟ್ಟಿಗೆಯಲ್ಲಿ ಕೂರಿಸಿ, ಬೇರೆ ಕಂಪ್ಯೂಟರಿಗೆ ಪೆನ್‌ಡ್ರೈವಿನಂತೆ ಜೋಡಿಸಿ ಕಡತಗಳನ್ನು ನಕಲು ಮಾಡಿಕೊಳ್ಳುವುದು ಒಂದು. ಇನ್ನೊಂದು ಏನನ್ನೂ ಬಿಚ್ಚದ ದಾರಿ: ಇನ್ನೊಬ್ಬರ ಕಂಪ್ಯೂಟರಿನಲ್ಲಿ ಉಬುಂಟುವಿನಂಥ ಲಿನಕ್ಸನ್ನು ಪೆನ್‌ಡ್ರೈವಿಗೆ ಬರೆದುಕೊಂಡು, ಕೆಟ್ಟ ಕಂಪ್ಯೂಟರನ್ನು ಅದರಿಂದಲೇ ಎಬ್ಬಿಸುವುದು. ಅಲ್ಲಿ ಇನ್‌ಸ್ಟಾಲ್ ಎಂಬುದನ್ನು ಮುಟ್ಟದೆ ಟ್ರೈ ಎಂಬುದನ್ನು ಆರಿಸಿದರೆ ಇಡೀ ವ್ಯವಸ್ಥೆ ಮೆಮೊರಿಯಲ್ಲಿ ಓಡುತ್ತದೆ, ಡಿಸ್ಕಿಗೆ ಏನೂ ಆಗುವುದಿಲ್ಲ. ಬೇರೆ ಊರಿನಿಂದ ಒಬ್ಬ ರೈಟರ್ ಒಂದು ದಿನದ ಮಟ್ಟಿಗೆ ಬಂದು ಗೋದಾಮಿನ ಬಾಗಿಲು ತೆಗೆಸಿಕೊಟ್ಟಂತೆ. ಕೆಲವೊಮ್ಮೆ ವಿಂಡೋಸ್ ಡಿಸ್ಕ್ ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ವಿಂಡೋಸಿನ ಫಾಸ್ಟ್ ಸ್ಟಾರ್ಟ್‌ಅಪ್ ಸೌಲಭ್ಯ ಪೂರ್ತಿ ಆಫ್ ಆಗದೆ ಅರೆನಿದ್ದೆಯಲ್ಲಿ ಉಳಿಯುವುದರಿಂದ ಹೀಗಾಗುತ್ತದೆ. ನಕಲು ಮಾಡಿಕೊಳ್ಳಲು ಅಷ್ಟು ಸಾಕು.

ಹೊಸ ಲ್ಯಾಪ್‌ಟಾಪುಗಳಲ್ಲಿ ಮಾತ್ರ ಒಂದು ಗೋಡೆ ಎದುರಾಗುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಅನೇಕ ಯಂತ್ರಗಳಲ್ಲಿ ಬಳಕೆದಾರರಿಗೆ ಅರಿವಿಲ್ಲದೆಯೇ ಡಿಸ್ಕ್ ಗೂಢಲಿಪಿಗೆ ಬದಲಾಗಿರುತ್ತದೆ. ಅಂಥ ಡಿಸ್ಕನ್ನು ಬೇರೆಡೆ ತೆರೆಯಲು, ಕೆಲವು ಸಲ ಬಯೋಸ್ ಸೆಟ್ಟಿಂಗ್ ಬದಲಿಸಿದ ಮೇಲೆ ಅದೇ ಯಂತ್ರದಲ್ಲಿ ತೆರೆಯಲೂ, ಬಿಟ್‌ಲಾಕರ್ ಎಂಬ ಆ ಬೀಗದ 48 ಅಂಕಿಗಳ ಕೀಲಿ ಬೇಕು. ಅದು ಸಾಮಾನ್ಯವಾಗಿ ಆ ಖಾತೆಯ ಜಾಲಪುಟದಲ್ಲಿ ಸಾಧನಗಳ ವಿಭಾಗದಡಿ ಇರುತ್ತದೆ, ಮೊಬೈಲಿನಿಂದಲೂ ನೋಡಬಹುದು. ಅಂಗಡಿಯವರು ತಮ್ಮದೇ ಇಮೇಲ್ ಹಾಕಿ ಲ್ಯಾಪ್‌ಟಾಪ್ ಸಿದ್ಧಪಡಿಸಿ ಕೊಟ್ಟಿದ್ದರೆ ಕೀಲಿಯೂ ಅವರ ಖಾತೆಯಲ್ಲೇ ಉಳಿದಿರುತ್ತದೆ. ಕೀಲಿ ಎಲ್ಲೂ ಸಿಗದಿದ್ದರೆ ಆ ಕಡತಗಳನ್ನು ತೆರೆಯಲು ಯಾವ ಪರಿಣತರಿಂದಲೂ ಆಗುವುದಿಲ್ಲ.

ವಿಂಡೋಸ್ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಬಗೆ

ಸತತವಾಗಿ ಎರಡು ಮೂರು ಬಾರಿ ಏಳಲಾಗದಿದ್ದರೆ ವಿಂಡೋಸ್ ತಾನಾಗಿ ರಿಕವರಿ ಪರದೆಗೆ ಹೋಗುತ್ತದೆ. ಇದು ಡಿಸ್ಕಿನ ಬೇರೆ ಪಾಲಿನಲ್ಲಿಟ್ಟ, ದುರಸ್ತಿಗೆಂದೇ ಇರುವ ಪುಟ್ಟ ವಿಂಡೋಸ್. ಅದೂ ಬರದಿದ್ದರೆ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲಿನಿಂದ ಕನಿಷ್ಠ 8 ಜಿಬಿಯ ಪೆನ್‌ಡ್ರೈವಿನಲ್ಲಿ ಇನ್‌ಸ್ಟಾಲ್ ಮಾಧ್ಯಮ ಮಾಡಿಕೊಂಡು, ಅದರಲ್ಲಿ ರಿಪೇರ್ ಎಂಬ ಆಯ್ಕೆ ಹಿಡಿದರೆ ಅಲ್ಲಿಗೇ ತಲುಪಬಹುದು. ಆ ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುವುದರಿಂದ ಖಾಲಿಯದನ್ನೇ ಬಳಸಬೇಕು.

ಅಲ್ಲಿನ ಆಯ್ಕೆಗಳಲ್ಲಿ ಸ್ಟಾರ್ಟ್‌ಅಪ್ ರಿಪೇರ್ ಮೊದಲು ಪ್ರಯತ್ನಿಸತಕ್ಕದ್ದು. ಅಪ್‌ಡೇಟ್ ಆದ ಮರುದಿನವೇ ತೊಂದರೆ ಶುರುವಾಗಿದ್ದರೆ ಇತ್ತೀಚಿನ ಅಪ್‌ಡೇಟನ್ನು ತೆಗೆದುಹಾಕುವ ಆಯ್ಕೆಯಿದೆ. ಸೇಫ್ ಮೋಡ್ ಎಂದರೆ ಅತ್ಯಗತ್ಯ ಆಳುಗಳನ್ನಷ್ಟೇ ಕರೆದು ಕೆಲಸ ಶುರುಮಾಡುವುದು. ಅದರಲ್ಲಿ ಎದ್ದ ಯಂತ್ರ ಮಾಮೂಲಿಯಾಗಿ ಏಳದಿದ್ದರೆ ತಪ್ಪು ಹೊರಗಿನ ಯಾವುದೋ ಡ್ರೈವರಿನದು ಎಂದು ಬಹುಮಟ್ಟಿಗೆ ಹೇಳಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟಿನ ಅಂದಾಜಿನ ಪ್ರಕಾರ, ಜಗತ್ತಿನಾದ್ಯಂತ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅಷ್ಟು ದೊಡ್ಡ ಗೊಂದಲಕ್ಕೂ ಮುಖ್ಯ ಪರಿಹಾರ ಇದೇ ಆಗಿತ್ತು: ಸೇಫ್ ಮೋಡಿನಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸಿ, ಮತ್ತೆ ಆನ್ ಮಾಡುವುದು.

ಮಸ್ಟರ್ ಪುಸ್ತಕವೇ ಹರಿದಿದ್ದರೆ ಆಜ್ಞೆಗಳನ್ನು ಬೆರಳಚ್ಚಿಸಿ ಕೊಡುವ ಕಮಾಂಡ್ ಪ್ರಾಂಪ್ಟಿಗೆ ಹೋಗಬೇಕಾಗುತ್ತದೆ. ಅಂತರ್ಜಾಲದಲ್ಲಿ ಎಲ್ಲೆಡೆ ಸಿಗುವ ಸಲಹೆ ಬೂಟ್‌ರೆಕ್ ಆಜ್ಞೆಯ ಫಿಕ್ಸ್‌ಎಂಬಿಆರ್ ಆಯ್ಕೆ. ಹೆಸರೇ ಹೇಳುವಂತೆ ಅದು ಆ 512 ಬೈಟಿನ ಹಳೆಯ ಪದ್ಧತಿಗೆ ಸೇರಿದ್ದು. ಯುಇಎಫ್‌ಐ ಯಂತ್ರ ಬೂಟ್ ಆಗುವಾಗ ಆ ತುಣುಕನ್ನು ನೆಚ್ಚುವುದೇ ಇಲ್ಲವಾದ್ದರಿಂದ ಅಲ್ಲಿ ಅದರಿಂದ ಪ್ರಯೋಜನವಿಲ್ಲ. ಹೊಸ ಯಂತ್ರಗಳಿಗೆ ಒದಗುವುದು ಬಿಸಿಡಿಬೂಟ್ ಎಂಬ ಆಜ್ಞೆ: ಅದು ವಿಂಡೋಸ್ ಫೋಲ್ಡರಿನಿಂದ ಬೂಟ್ ಕಡತಗಳನ್ನು ಇಎಫ್‌ಐ ಪಾರ್ಟಿಷನ್ನಿಗೆ ಮತ್ತೆ ನಕಲು ಮಾಡಿ, ಬಿಸಿಡಿಯನ್ನು ಬರೆದುಕೊಡುತ್ತದೆ. ಇಲ್ಲಿ ಎಡವುವುದು ಅಕ್ಷರದಲ್ಲಿ. ನಾವು ಸಿ ಎಂದು ಕರೆಯುವ ಡ್ರೈವ್ ರಿಕವರಿ ಪರದೆಯಲ್ಲಿ ಡಿ ಅಥವಾ ಇ ಆಗಿ ಕಾಣಿಸಿಕೊಳ್ಳಬಹುದು. ವಿಂಡೋಸ್ ಫೋಲ್ಡರ್ ಯಾವುದರಲ್ಲಿದೆ ಎಂದು ಪಟ್ಟಿ ತೆಗೆದು ನೋಡದೆ ಆಜ್ಞೆ ಕೊಡಬಾರದು. ಡಿಸ್ಕಿನ ಕಡತವ್ಯವಸ್ಥೆ ತಿದ್ದುವ ಚೆಕ್‌ಡಿಸ್ಕ್ ಉಪಯುಕ್ತವೇ, ಆದರೆ ಸಾಯುತ್ತಿರುವ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಓಡಿಸಿದರೆ ಅದರ ಉಳಿದ ಆಯುಷ್ಯವೂ ಕರಗುತ್ತದೆ.

ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಬಂದಾಗ ಬದಲಾವಣೆಗಳನ್ನು ಹಿಂತೆಗೆಯಲಾಗುತ್ತಿದೆ ಎಂಬ ಸಂದೇಶ ಬರುವುದುಂಟು. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಇದು ಒಂದೆರಡು ಗಂಟೆ ಹಿಡಿಯಬಹುದು. ಡಿಸ್ಕಿನ ದೀಪ ಮಿಣುಕುತ್ತಿರುವಷ್ಟು ಹೊತ್ತು ಕಾಯುವುದೇ ಚಿಕಿತ್ಸೆ. ಯುಪಿಎಸ್ ಇದೆಯಲ್ಲ ಎಂದು ನೆಚ್ಚಿಕೊಂಡವರು ಅದರ ಬ್ಯಾಟರಿಯ ವಯಸ್ಸನ್ನೂ ನೋಡಬೇಕು; ಎರಡು ಮೂರು ವರ್ಷ ಕಳೆದ ಬ್ಯಾಟರಿ ದೀಪ ಹತ್ತಿಸುತ್ತದೆ, ಕಂಪ್ಯೂಟರನ್ನು ಮಾತ್ರ ನಿಮಿಷವೂ ಹೊರದಿರಬಹುದು.

ಒಂದೇ ಮನೆಯಲ್ಲಿ ಇಬ್ಬರು ಮೇಸ್ತ್ರಿಗಳು

ಹಾಸನದಲ್ಲಿ ಓದುವ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಜೊತೆ ಲಿನಕ್ಸೂ ಇರುವುದು ಸಾಮಾನ್ಯ. ಸೆಮಿಸ್ಟರ್ ಮುಗಿದ ಮೇಲೆ ಜಾಗ ಸಾಲದೆಂದು ಲಿನಕ್ಸ್ ಪಾಲನ್ನು ವಿಂಡೋಸಿನ ಒಳಗಿನಿಂದ ಅಳಿಸುತ್ತಾರೆ. ಮುಂದಿನ ಸಲ ಆನ್ ಮಾಡಿದಾಗ ಗ್ರಬ್ ರೆಸ್ಕ್ಯೂ ಎಂಬ ಸಾಲು ಮಾತ್ರ ಬರುತ್ತದೆ. ಗ್ರಬ್ಬಿನ ಮೊದಲ ತುಣುಕು ಇನ್ನೂ ಇದೆ, ಅದರ ಉಳಿದ ಭಾಗಗಳಿದ್ದ ಪಾಲು ಅಳಿದಿದೆ. ಎಂದರೆ ಮೇಸ್ತ್ರಿ ಬಂದು ನಿಂತಿದ್ದಾನೆ, ಮಸ್ಟರ್ ಪುಸ್ತಕ ಸುಟ್ಟುಹೋಗಿದೆ. ಯುಇಎಫ್‌ಐ ಯಂತ್ರವಾದರೆ ಬಯೋಸಿನ ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದರೆ ಸಾಕು. ಆ ಎರಡನೆಯ ಮೇಸ್ತ್ರಿ ಪಕ್ಕದಲ್ಲೇ ಸುಮ್ಮನೆ ಕುಳಿತಿರುತ್ತಾನೆ. ಇದಕ್ಕೆ ತದ್ವಿರುದ್ಧವಾಗಿ, ವಿಂಡೋಸನ್ನು ಮತ್ತೆ ಹಾಕಿದ ಮೇಲೆ ಲಿನಕ್ಸ್ ಕಾಣೆಯಾದರೆ, ಅದೇ ಬೂಟ್ ಪಟ್ಟಿಯನ್ನು ನೋಡಿ, ಅಲ್ಲೂ ಸಿಗದಿದ್ದರೆ ಮೇಲೆ ಹೇಳಿದ ಲಿನಕ್ಸ್ ಪೆನ್‌ಡ್ರೈವಿನಿಂದ ಗ್ರಬ್ಬನ್ನು ಮರಳಿ ಸ್ಥಾಪಿಸಬೇಕು.

ಎಲ್ಲ ಮುಗಿದ ಮೇಲೆ ಮರುಸ್ಥಾಪನೆ

ಯಾವುದೂ ಫಲಿಸದಿದ್ದಾಗ ಉಳಿಯುವುದು ವಿಂಡೋಸನ್ನು ಹೊಸದಾಗಿ ಹಾಕುವುದು. ಅನೇಕ ಕಡೆ ಇದನ್ನೇ ಮೊದಲ ಚಿಕಿತ್ಸೆಯಾಗಿ ಮಾಡಿಬಿಡುತ್ತಾರೆ, ಏಕೆಂದರೆ ಕಾರಣ ಹುಡುಕುವುದಕ್ಕಿಂತ ಅದು ಬೇಗ ಮುಗಿಯುತ್ತದೆ. ಮಾಡುವಾಗ ಹಳೆಯ ಪಾಲನ್ನು ಫಾರ್ಮ್ಯಾಟ್ ಮಾಡದೆ ಅದರ ಮೇಲೆಯೇ ಹಾಕಿದರೆ ಹಳೆಯ ವ್ಯವಸ್ಥೆಯೂ ಬಳಕೆದಾರರ ಕಡತಗಳೂ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿಗೆ ಸರಿಯುತ್ತವೆ; ಕೆಲವು ದಿನಗಳ ಬಳಿಕ ವಿಂಡೋಸ್ ಅದನ್ನು ತಾನಾಗಿ ಅಳಿಸಬಹುದಾದ್ದರಿಂದ ಬೇಕಾದದ್ದನ್ನು ಬೇಗ ತೆಗೆದುಕೊಳ್ಳಬೇಕು. ಫಾರ್ಮ್ಯಾಟ್ ಒತ್ತಿದರೆ ಆ ಅವಕಾಶವೂ ಇಲ್ಲ. ಎಸ್‌ಎಸ್‌ಡಿಯಲ್ಲಂತೂ ಅಳಿಸಿದ ಜಾಗವನ್ನು ಡಿಸ್ಕೇ ಖಾಲಿ ಮಾಡಿಟ್ಟುಕೊಳ್ಳುವುದರಿಂದ ಮರುಪಡೆಯುವ ತಂತ್ರಾಂಶಗಳಿಗೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ಕಡತಗಳನ್ನು ಉಳಿಸಿಕೊಂಡು ಮರುಸ್ಥಾಪಿಸಿದ ಕನ್ನಡದ ಬೆರಳಚ್ಚುಗಾರರಿಗೆ ಕೊನೆಯದೊಂದು ಗಾಬರಿ ಕಾದಿರುತ್ತದೆ. ಹತ್ತು ವರ್ಷದ ಕಡತಗಳು ಅಷ್ಟೂ ಇವೆ, ತೆರೆದರೆ ಒಳಗೆ ಕನ್ನಡವಿಲ್ಲ. ರೋಮನ್ ಅಕ್ಷರ, ಕೊಕ್ಕೆ, ಚುಕ್ಕೆಗಳ ಗೋಜಲು ಮಾತ್ರ. ಕಡತ ಕೆಟ್ಟಿದೆ ಎಂದು ಅಳಿಸಿದವರೂ ಇದ್ದಾರೆ. ಅದು ಕೆಟ್ಟಿಲ್ಲ. ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ, ಯುನಿಕೋಡಿಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಹೊಸ ವಿಂಡೋಸ್ ಅಡಿಯಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನು ಹಾಗೆಯೇ ತೋರಿಸುತ್ತದೆ. ನುಡಿಯನ್ನು ಅದರ ಫಾಂಟುಗಳ ಸಹಿತ ಮತ್ತೆ ಹಾಕಿ ಅದೇ ಕಡತವನ್ನು ತೆರೆದರೆ "ಮಾನ್ಯ ತಹಶೀಲ್ದಾರರಲ್ಲಿ ವಿನಂತಿ" ಎಂಬ ಮೊದಲ ಸಾಲು ಎಂದಿನಂತೆ ಓದಲು ಬರುತ್ತದೆ.